‘ಟಾಯ್’ ಮತ್ತು ‘ಗೊಂಬೆ’: ಒಂದು ಅರ್ಥವಿಚಾರ

ಇಂಗ್ಲಿಷಿನ ‘ಟಾಯ್’ ಶಬ್ದಕ್ಕೆ ‘ಆಟಿಕೆ’, ‘ಆಟದ ಸಾಮಾನು’ ಎಂದು ಅರ್ಥ ಹೇಳುವುದು ರೂಢಿ. ಹಿಂದಿಯನ್ನಾಡುವವರಿಗೆ ಇಂಥ ಅರ್ಥನಿರ್ದೇಶ ಬಹುಮಟ್ಟಿಗೆ ಸಾಕು: ‘ಟಾಯ್’ ಎಂದರೆ ‘ಖಿಲೌನಾ’, ‘ಡಾಲ್’ ಎಂದರೆ ‘ಗುಡಿಯಾ’, ಸೂತ್ರದಿಂದ ಕುಣಿಯುವುದು ‘ಕಠಪುತಲಿ’. ಕನ್ನಡದಲ್ಲಾದರೋ ‘ಗೊಂಬೆ’ ಎಂಬ ಒಂದೇ ಶಬ್ದ ಈ ಮೂರನ್ನೂ ಒಳಗೊಳ್ಳಬಲ್ಲುದು.

ಚನ್ನಪಟ್ಟಣವೇ ಇದಕ್ಕೆ ನಿದರ್ಶನ. ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ ಅಲ್ಲಿ ಮಾಡುವ ಬಂಡಿ, ಬುಗುರಿ, ಗಿಲಕಿಗಳಿಗೆ ಮನುಷ್ಯಾಕೃತಿಯಿಲ್ಲ. ಆದರೂ ಜನರ ಬಾಯಲ್ಲಿ ಅವು ‘ಚನ್ನಪಟ್ಟಣದ ಗೊಂಬೆ’ಗಳೇ. 2005-06ರಲ್ಲಿ ಈ ಕಸುಬಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ, ಇಂಗ್ಲಿಷ್ ಹೆಸರಿನಲ್ಲಿ ‘ಟಾಯ್ಸ್’, ‘ಡಾಲ್ಸ್’ ಎಂಬ ಎರಡು ಶಬ್ದಗಳು ಬೇಕಾದುವು.

ಇದನ್ನು ಕನ್ನಡದ ಶಬ್ದದಾರಿದ್ರ್ಯವೆನ್ನುವುದು ಸಲ್ಲದು. ‘ಟಾಯ್’ ವಸ್ತುವಿನ ಉಪಯೋಗವನ್ನು ಹೇಳುತ್ತದೆ. ಆದುದರಿಂದಲೇ ಆ ಶಬ್ದ ಕ್ರಿಯಾಪದವಾದಾಗ ಹಗುರವಾಗಿ ಕಾಣುವುದೆಂಬ ಅರ್ಥ ಪಡೆಯುತ್ತದೆ. ‘ಗೊಂಬೆ’ ಕೈಯಿಂದ ಮೂಡಿದ ರೂಪವನ್ನು ಮುಂದಿಡುತ್ತದೆ. ಮಗುವಿನ ಕೈಯಲ್ಲಿರುವುದೂ ಗೊಂಬೆ, ನವರಾತ್ರಿಯಲ್ಲಿ ಪೂಜೆಗೊಳ್ಳುವುದೂ ಗೊಂಬೆ. ‘ಕೈಗೊಂಬೆ’ ಎಂಬ ನಿಂದೆಯ ಮಾತಿನಲ್ಲಿ ಸಹ ಸೂಚಿತವಾಗುವುದು ಪರಾಧೀನತೆ, ಕ್ಷುದ್ರತೆಯಲ್ಲ.

ಆದಕಾರಣ ವಿದ್ಯಾರ್ಥಿಯು ಇಂಗ್ಲಿಷಿನ ಪ್ರಬಂಧವೊಂದನ್ನು ಅನುವಾದಿಸುತ್ತ ಚನ್ನಪಟ್ಟಣವನ್ನು ‘ಆಟಿಕೆಗಳ ಊರು’ ಎಂದು ಬರೆದರೆ, ನಿಘಂಟಿಗೆ ನಿಷ್ಠನಾದನೇ ಹೊರತು ಭಾಷೆಗಲ್ಲ. ಅದು ‘ಗೊಂಬೆಗಳ ಊರು’. ಒಂದು ಕಸುಬಿನ ಗೌರವವೇ ಆ ಶಬ್ದದ ಆಯ್ಕೆಯಲ್ಲಿ ಅಡಗಿದೆ. ನಿಘಂಟುಕಾರರು ಪರ್ಯಾಯ ಶಬ್ದಗಳೊಡನೆ ಇಂಥ ಪ್ರಯೋಗಭೇದವನ್ನೂ ನಮೂದಿಸುವುದು ಆವಶ್ಯಕ.