ಹಸುವಿನ ಗೋದಲಿ ತಟ್ಟುವಿಗೆ ಒಗ್ಗದು

ಬದನಗುಪ್ಪೆ ಎಂಬ ಹಳ್ಳಿಯ ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ರಾಗಿ, ಹುರುಳಿ, ಕಡಲೆಕಾಯಿಗಳು ತಟ್ಟುಕುದುರೆಯ, ಅಂದರೆ ಹೆಗಲ ದಿಬ್ಬದವರೆಗಿನ ಎತ್ತರ ಸುಮಾರು 147 ಸೆಂ.ಮೀ. ಮೀರದ ಕುದುರೆಯ, ಮೇವನ್ನು ಬಹುಮಟ್ಟಿಗೆ ಒದಗಿಸಬಲ್ಲವು. ಆದರೆ ಹಳ್ಳಿಗಳಲ್ಲಿ ಹೈನುಗಾರಿಕೆ ಬೇರೂರಿದ ಮೇಲೆ ಮೇವೆಂದರೆ ಹಸುವಿನ ಮೇವು ಎಂಬ ಎಣಿಕೆಯೇ ಗಟ್ಟಿಯಾಗಿ, ನೇಪಿಯರ್ ಹುಲ್ಲು, ಗೋಧಿ ಬೂಸಾ, ಮೂಟೆಯ ಪಶು ಆಹಾರ ಮೂರೂ ತಟ್ಟುವಿನ ಮುಂದೆಯೂ ಬಂದು ಬೀಳುತ್ತವೆ. ಇವು ಪುಷ್ಟಿಕರ ಮೇವಿನಂತೆ ತೋರಿದರೂ ಈ ಪ್ರಾಣಿಗೆ ಮೂರೂ ಅಪಾಯಕಾರಿಯಾಗಬಲ್ಲವು.

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ಚಿಕ್ಕದಾಗಿದ್ದು, ನಾರು ಹುದುಗುವುದು ಕರುಳಿನ ಹಿಂಭಾಗದಲ್ಲಿರುವ ಅಂಧಾಂತ್ರ ಮತ್ತು ದೊಡ್ಡಕರುಳಿನಲ್ಲಿ. ನೇಪಿಯರ್‌ನಂಥ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶವನ್ನು ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಬಹುಪಾಲು ಒಡೆದುಹಾಕುತ್ತವೆ, ಆದರೆ ಕುದುರೆಯ ಒಡಲಲ್ಲಿ ಅದು ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಹೆಚ್ಚು. ಕುದುರೆಗೆ ಬೇಕಾದುದಾದರೋ ರಂಜಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಕ್ಯಾಲ್ಸಿಯಂ. ಎರಡನ್ನೂ ತಿಂಗಳುಗಟ್ಟಲೆ ತಿನ್ನಿಸಿದರೆ ದೇಹವು ತನ್ನ ಮೂಳೆಯಿಂದಲೇ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ದವಡೆ ಮತ್ತು ಮುಖದ ಮೂಳೆಗಳು ಊದಿ ಮೆತ್ತಗಾಗಿ, ಪ್ರಾಣಿ ಕಾರಣ ಕಾಣದೆ ಕುಂಟತೊಡಗುತ್ತದೆ. ಮೂಟೆಯ ಆಹಾರದ ವಿಷಯ ಇನ್ನೂ ಗಂಭೀರವಾದುದು: ಕೆಲವು ಪಶು ಆಹಾರಗಳಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಹಸುವಿಗೆ ಹಿತವಾದರೂ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿ ಕೊಲ್ಲಬಲ್ಲದು.

ಹೀಗಿರುವಾಗ ಮೆದೆಯಲ್ಲಿರುವ ರಾಗಿ ಹುಲ್ಲಿಗೆ ಮರಳುವುದೇ ಸರಿ. ಭತ್ತದ ಹುಲ್ಲಿಗಿಂತ ಚೆನ್ನಾಗಿ ಜೀರ್ಣವಾಗುವ, ಸುಣ್ಣದಂಶ ಹೆಚ್ಚಿರುವ ಈ ಹುಲ್ಲನ್ನು ತಟ್ಟು ದಿನವಿಡೀ ಮೇಯಬಲ್ಲದು. ಕುದುರೆಯ ಹೊಟ್ಟೆ ಬಯಸುವುದೂ ಇಂಥ ಬಿಡುವಿಲ್ಲದ ಮೆಲ್ಲನೆಯ ಮೇಯುವಿಕೆಯನ್ನೇ. 200 ಕೆ.ಜಿ. ತೂಕದ ತಟ್ಟುವಿಗೆ ದೇಹತೂಕದ ನೂರಕ್ಕೆ ಎರಡರಂತೆ ದಿನಕ್ಕೆ 4 ಕೆ.ಜಿ. ಒಣಮೇವು ಸಾಕೆಂದು ಇಟ್ಟುಕೊಂಡರೆ, 3 ಕೆ.ಜಿ. ರಾಗಿ ಹುಲ್ಲಿನಿಂದ ಸುಮಾರು 100 ಗ್ರಾಂ, ಅರ್ಧ ಕೆ.ಜಿ. ಹುರುಳಿಯಿಂದ 110 ಗ್ರಾಂ, ಅರ್ಧ ಕೆ.ಜಿ. ಒಣಗಿದ ಕಡಲೆಕಾಯಿ ಬಳ್ಳಿಯಿಂದ 50-60 ಗ್ರಾಂ ಪ್ರೋಟೀನು ದೊರೆತು, ದುಡಿಮೆಯಿಲ್ಲದ ತಟ್ಟುವಿಗೆ ಬೇಕಾದ 250 ಗ್ರಾಂ ಲೆಕ್ಕ ತುಂಬುತ್ತದೆ. ಹುಲ್ಲಿನ ಪ್ರೋಟೀನು ಪೂರ್ತಿ ದಕ್ಕದ ಕಾರಣ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಒಂದೆರಡು ಹಿಡಿ ಸೇರಿದರೆ ಒಳಿತು. ಬಳ್ಳಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ತಿಪ್ಪೆಗೆ ಎಸೆಯಬೇಕೇ ಹೊರತು ಗೋದಲಿಗಲ್ಲ. ಇದಲ್ಲದೆ ಹತ್ತು ಗ್ರಾಂ ಉಪ್ಪು, ಬೇಸಿಗೆಯಲ್ಲದ ದಿನಗಳಲ್ಲಿ ಹತ್ತು ಲೀಟರಿನಷ್ಟು ನೀರು ಬೇಕು. ಬಿಸಿಲಿಗೆ ನೀರಿನ ಅಗತ್ಯ ಇಮ್ಮಡಿಯೂ ಆಗಬಹುದು.

ಹುರುಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಹಸಿ ಕಾಳಿನಲ್ಲಿರುವ ಟ್ರಿಪ್ಸಿನ್ ನಿರೋಧಕವೆಂಬ ಅಂಶ ಪ್ರೋಟೀನು ಅರಗುವುದನ್ನು ತಡೆಯುವುದರಿಂದ, ರಾತ್ರಿ ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಿಸಿ, ಆರಿಸಿ, ಎರಡು ಹೊತ್ತಿಗೆ ಹಂಚಿ ಕೊಡುವುದು ಕ್ರಮ. ಜಟಕಾ ಓಡುತ್ತಿದ್ದ ಕಾಲದಿಂದಲೂ ಬಳಕೆಯಲ್ಲಿರುವ ಈ ಪದ್ಧತಿಗೆ ವಿಜ್ಞಾನವೂ ಒಪ್ಪಿಗೆ ನೀಡುತ್ತದೆ. ಆದರೆ ಕಟಾವಿನ ಕಾಲದಲ್ಲಿ ಹುರುಳಿ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರವಿ ಲಾರಿ, ಬಸ್ಸುಗಳ ಗಾಲಿಯಡಿ ಒಕ್ಕಣೆ ಮಾಡುವ ರೂಢಿ ಇರುವುದರಿಂದ ಕಾಳಿನೊಡನೆ ಮರಳು, ಜಲ್ಲಿಚೂರು ಬೆರೆತಿರುತ್ತವೆ. ಮರಳು ಕರುಳಿನ ತಳದಲ್ಲಿ ಕೂತು ಹೊಟ್ಟೆನೋವಿಗೆ ಕಾರಣವಾಗುತ್ತದೆ. ಮೊರದಲ್ಲಿ ಕೇರಿ, ಎರಡು ಬಾರಿ ನೀರಲ್ಲಿ ಗಾಳಿಸಿ ತಳದ ಗಸಿಯನ್ನು ಚೆಲ್ಲುವ ಕೆಲಸಕ್ಕೆ ಸೋಮಾರಿತನ ಸಲ್ಲದು. ಕುಣಿಗಲ್ ಕುದುರೆ ಫಾರಂನ ಓಟದ ತಳಿಗಳಿಗೆ ಹೊಂದುವ ಧಾನ್ಯದ ಪ್ರಮಾಣವನ್ನು ತಟ್ಟುವಿಗೆ ಅನುಕರಿಸುವುದಂತೂ ಬರಿಯ ಒಣಜಂಬ. ಒಮ್ಮೆಲೇ ಧಾನ್ಯ ಹೆಚ್ಚಾದರೆ ಗೊರಸಿನೊಳಗಿನ ಪದರಗಳು ಉರಿದು ಪ್ರಾಣಿ ನಿಲ್ಲಲಾರದಂತಾಗುತ್ತದೆ.

ತೂಗುವ ಯಂತ್ರವಿಲ್ಲದೆಡೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂ.ಮೀ.ಗಳಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 11,880ರಿಂದ ಭಾಗಿಸಿದರೆ ಅಂದಾಜು ತೂಕ ಕೆ.ಜಿ.ಗಳಲ್ಲಿ ದೊರೆಯುತ್ತದೆ, ಸುತ್ತಳತೆ 130, ಉದ್ದ 135 ಆದಲ್ಲಿ ತೂಕ 192. ಇದಕ್ಕಿಂತಲೂ ನಂಬಬಹುದಾದದ್ದು ಅಂಗೈ: ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಗುತ್ತಿದ್ದರೆ ಮೈ ಹದವಾಗಿದೆ. ಮೇವು ಸಾಕಷ್ಟಿದ್ದೂ ಬಡಕಲಾಗಿರುವ ತಟ್ಟುವಿನ ಹಲ್ಲನ್ನೂ ಹೊಟ್ಟೆಹುಳುವನ್ನೂ ಪಶುವೈದ್ಯರು ನೋಡುವವರೆಗೆ ಹುರುಳಿ ಹೆಚ್ಚಿಸಿ ಪ್ರಯೋಜನವಿಲ್ಲ. ಕೊಬ್ಬಿದ ತಟ್ಟುವನ್ನು ಇಳಿಸಲು ಉಪವಾಸ ಕೆಡವುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಕುಳ್ಳ ತಳಿಗಳಲ್ಲಿ ಹಠಾತ್ತನೆ ಆಹಾರ ನಿಂತರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಯಕೃತ್ತು ಸೋಲುತ್ತದೆ. ಆದ್ದರಿಂದ ಮೊದಲು ಹುರುಳಿಯನ್ನು ವಾರಗಳ ಅಂತರದಲ್ಲಿ ಇಳಿಸಿ, ರಾಗಿ ಹುಲ್ಲನ್ನು ಮಾತ್ರ ಗೋದಲಿಯಲ್ಲಿ ಉಳಿಸಬೇಕು.