ತಂಬುಚೆಟ್ಟಿ ಬೀದಿಯ ವಕೀಲರು

ಚೆನ್ನೈ ಹೈಕೋರ್ಟಿನ ಕೆಂಪು ಗೋಪುರಗಳನ್ನು ಬೆನ್ನಿಗೆ ಹಾಕಿಕೊಂಡು ಪ್ಯಾರೀಸ್ ಕಾರ್ನರ್ ಕಡೆಯಿಂದ ಒಳಹೊಕ್ಕರೆ ತಂಬುಚೆಟ್ಟಿ ಬೀದಿ ಸಿಗುತ್ತದೆ. ಇಲ್ಲಿ ಗಣೇಶ್ ಎಂಬ ವಕೀಲನ ಆಫೀಸಿದೆ, ಜೊತೆಗೆ ವಸಂತ್ ಎಂಬ ತುಂಟ ಜೂನಿಯರ್ ಇದ್ದಾನೆ ಎಂದು ತಲೆಮಾರುಗಳಿಂದ ತಮಿಳು ಓದುಗರು ನಂಬಿಕೊಂಡು ಬಂದಿದ್ದಾರೆ. ಇಬ್ಬರೂ ಸುಜಾತಾ ಕಾದಂಬರಿಗಳವರು.

ಸುಜಾತಾ ಎಂಬುದು ಹೆಂಡತಿಯ ಹೆಸರು. ಅದನ್ನು ಕಾವ್ಯನಾಮ ಮಾಡಿಕೊಂಡವರು ಎಸ್. ರಂಗರಾಜನ್ (1935–2008). ಹುಟ್ಟಿದ್ದು ಚೆನ್ನೈನ ಟ್ರಿಪ್ಲಿಕೇನ್, ಬೆಳೆದದ್ದು ಶ್ರೀರಂಗ, ಎಂಜಿನಿಯರಿಂಗ್ ಕಲಿತದ್ದು ಕ್ರೋಂಪೇಟೆಯ ಎಂಐಟಿಯಲ್ಲಿ. ವೃತ್ತಿಯ ಬಹುಪಾಲು ಕಳೆದದ್ದು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ. ವಿದ್ಯುನ್ಮಾನ ಮತಯಂತ್ರದ ಹಿಂದೆ ದುಡಿದ ಪ್ರಮುಖರಲ್ಲಿ ಅವರೂ ಒಬ್ಬರು. ಹಗಲು ಸರ್ಕ್ಯೂಟು, ಮಿಕ್ಕ ಹೊತ್ತು ವಾರಪತ್ರಿಕೆಯ ಕಂತು. ವಿಜ್ಞಾನ ಕಥೆ, ನಾಟಕ, ಅಂಕಣ, ಪ್ರಾಚೀನ ತಮಿಳು ಕಾವ್ಯ ಪುರನಾನೂರಿನ ಸರಳ ಪರಿಚಯ, ‘ರೋಜಾ’ ಸಿನಿಮಾದ ಸಂಭಾಷಣೆ, ಎಲ್ಲವೂ ಆ ಒಂದೇ ಕೈಯಿಂದ ಬಂದವು. ಪತ್ತೇದಾರಿ ಕಾದಂಬರಿಯನ್ನು ಅವರು ಬಿಡುವಿನ ಆಟವೆಂದು ಬಗೆಯಲಿಲ್ಲ. ಅವರ ಉಳಿದ ಕಸುಬುಗಳೆಲ್ಲ ಒಟ್ಟಿಗೆ ಕೆಲಸ ಮಾಡುವುದು ಅಲ್ಲಿಯೇ ಎಂಬುದು ನನ್ನ ಓದಿಗೆ ದಕ್ಕಿದ ಸುಖ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತ ಬೆಳೆದ ಕನ್ನಡಿಗರಿಗೆ ಸುಜಾತಾ ಗದ್ಯದ ಓಟ ಮೊದಲು ಗಾಬರಿ ಹುಟ್ಟಿಸುತ್ತದೆ. ಪೀಠಿಕೆಯಿಲ್ಲ, ವರ್ಣನೆಗೆ ಎರಡು ಗೆರೆ ಸಾಕು. ಮಾತಿಗೆ ಮಾತು ತಾಕುತ್ತ ಹೋಗುತ್ತದೆ; ‘ಅವನು ಹೇಳಿದ’, ‘ಇವಳು ಕೇಳಿದಳು’ಗಳ ಹಂಗಿಲ್ಲ, ಆದರೂ ಯಾರ ದನಿ ಎಂದು ತಪ್ಪುವುದಿಲ್ಲ. ಒಬ್ಬ ಮೆಟ್ಟಿಲಿಳಿದರೆ ‘ಇಳಿದ’ ಎಂಬ ಪದದ ಅಕ್ಷರಗಳೇ ಒಂದರ ಕೆಳಗೊಂದು ಪುಟದಲ್ಲಿ ಇಳಿಯುತ್ತವೆ. ಅಚ್ಚಿನ ಮೊಳೆಯನ್ನೂ ಕಥೆಗೆ ದುಡಿಸಿಕೊಂಡ ಈ ಚೇಷ್ಟೆ ನನಗೆ ಇಂದಿಗೂ ಹೊಸದು. ವಸಂತ್ ಮತ್ತೆ ಮತ್ತೆ ಶುರುಮಾಡಿ ಎಂದೂ ಮುಗಿಸದ ಮೆಕ್ಸಿಕೋದ ಅಗಸಗಿತ್ತಿಯ ಜೋಕನ್ನೂ ನೆನೆಯಬೇಕು. ಪುಸ್ತಕದಿಂದ ಪುಸ್ತಕಕ್ಕೆ ಓದುಗರನ್ನು ಕಾಯಿಸುವ ಕಲೆ ಧಾರಾವಾಹಿ ಬರೆದವರಿಗೇ ಒಲಿಯುವಂಥದ್ದು.

1968ರಲ್ಲಿ ‘ಕುಮುದಂ’ ವಾರಪತ್ರಿಕೆಯಲ್ಲಿ ಬಂದ ‘ನೈಲಾನ್ ಕಯಿರು’ ಅವರ ಮೊದಲ ಕಾದಂಬರಿ. ಅಲ್ಲಿ ಗಣೇಶ್ ಒಬ್ಬನೇ. ವಸಂತ್ ಜೊತೆಯಾದದ್ದು ಆಮೇಲೆ. ಆದರೆ ನಾನು ಮತ್ತೆ ಮತ್ತೆ ಮರಳುವುದು ‘ಕೊಲೈಯುದಿರ್ ಕಾಲಂ’ಗೆ. ಆಸ್ತಿಯ ಒಡತಿಯಾಗಲಿರುವ ಹುಡುಗಿ, ಅವಳ ಸುತ್ತ ಸಾವುಗಳು, ಕತ್ತಲಲ್ಲಿ ಕಂಡೂ ಕಾಣದ ಆಕೃತಿ. ದೆವ್ವವಿರಬಹುದು ಎಂದು ವಸಂತ್‌ಗೆ ಅಳುಕು. ಗಣೇಶ್‌ಗೆ ವಿಜ್ಞಾನದ ಮೇಲೆ ಭರವಸೆ. ಹೊಲೋಗ್ರಾಂ ಎಂಬುದರ ಹೆಸರೂ ಜನ ಕೇಳಿರದ ಕಾಲದಲ್ಲಿ ಅದನ್ನು ವಾರಪತ್ರಿಕೆಯ ಓದುಗರಿಗೆ ತಿಳಿಹೇಳುತ್ತಲೇ ಅವರು ಭಯವನ್ನು ಬೆಳೆಸುತ್ತಾರೆ. ವಿವರಣೆ ಸಿಕ್ಕರೆ ಭಯ ಕರಗಬೇಕಲ್ಲ? ಕರಗುವುದಿಲ್ಲ. ಎಂಜಿನಿಯರ್ ಮತ್ತು ಕಥೆಗಾರ ಇಬ್ಬರೂ ಅಲ್ಲಿ ಸರಿಸಮ, ಯಾರೂ ಸೋಲುವುದಿಲ್ಲ. ಕೊನೆಯನ್ನು ಹೇಳಿ ನಿಮ್ಮ ಪಾಲಿನ ರೋಮಾಂಚನ ಕಸಿಯಲಾರೆ.

‘ಕರೈಯೆಲ್ಲಾಂ ಶೆಣ್ಬಗಪ್ಪೂ’ದಲ್ಲಿ ಇನ್ನೊಂದು ಬಗೆಯ ರುಚಿ: ಜನಪದ ಗೀತೆ ಸಂಗ್ರಹಿಸಲು ಹಳ್ಳಿಗೆ ಬಂದವನ ಸುತ್ತ ಕೊಲೆಯ ಎಳೆ ಹೆಣೆದುಕೊಳ್ಳುತ್ತದೆ. ಹಾಡಿನ ಮಾಧುರ್ಯವೂ ಪಾಳು ಬಂಗಲೆಯ ದಿಗಿಲೂ ಒಂದೇ ಪುಟದಲ್ಲಿ.

ಈ ಕೈಚಳಕದ ಬೇರು ಎಲ್ಲಿದೆಯೆಂದು ನೋಡಬೇಕಾದರೆ ಕೊಲೆಯೇ ಇಲ್ಲದ ‘ನಗರಂ’ ಎಂಬ ಸಣ್ಣಕಥೆ ಓದಬೇಕು. ಜ್ವರದ ಮಗಳನ್ನು ಹೊತ್ತು ಮದುರೆಯ ದೊಡ್ಡಾಸ್ಪತ್ರೆಗೆ ಬಂದ ಹಳ್ಳಿಯ ತಾಯಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಕೈಯಲ್ಲಿ ಚೀಟಿ ಹಿಡಿದು ಅಲೆಯುತ್ತಾಳೆ. ಅಲ್ಲಿ ಖಳನಿಲ್ಲ, ಪಿಸ್ತೂಲಿಲ್ಲ. ಎದೆ ಮಾತ್ರ ಥ್ರಿಲ್ಲರ್ ಓದುವಾಗಿನಂತೆಯೇ ಹೊಡೆದುಕೊಳ್ಳುತ್ತದೆ. ಅದೇ ಮಿತವಾದ ವಾಕ್ಯ, ಮುಂದೇನೆಂಬ ಅದೇ ಒತ್ತಡ.

ಹೆಣ್ಣುಗಳನ್ನು ಕಂಡಾಗಲೆಲ್ಲ ವಸಂತ್ ಆಡುವ ಮಾತುಗಳು ಮಾತ್ರ ಇಂದು ಹಳಸಿವೆ. ಆ ಪುಟಗಳನ್ನು ನಾನು ಬೇಗ ದಾಟುತ್ತೇನೆ.

ತಮಿಳು ಅಕ್ಷರ ಕೂಡಿಸಿ ಓದಬಲ್ಲ ಕನ್ನಡಿಗರು ‘ಪ್ರಿಯಾ’ ಕಾದಂಬರಿಯಿಂದ ಆರಂಭಿಸಬಹುದು. ರಜನಿಕಾಂತ್, ಶ್ರೀದೇವಿ, ಅಂಬರೀಷ್ ಇದ್ದ ಅದರ ಸಿನಿಮಾ ಕನ್ನಡದಲ್ಲೂ ಬಂದಿತ್ತು. ಆದರೆ ಸಿನಿಮಾ ನೋಡಿದವರೂ ಪುಸ್ತಕ ಹಿಡಿಯಲಿ: ವಕೀಲ ಗಣೇಶ್ ಪರದೆಯ ಮೇಲಿಗಿಂತ ಪುಟದ ಮೇಲೆ ಹೆಚ್ಚು ಯೋಚಿಸುತ್ತಾನೆ, ಕಡಿಮೆ ಹೊಡೆದಾಡುತ್ತಾನೆ.