ಎಫ್ ಕೀಲಿಯ ಮೇಲಿನ ಗೀರು

ಕಳೆದ ವಾರ ಶಿರಸಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದ್ದರು. ತಮ್ಮ ಸೀಮೆಯ ಯಕ್ಷಗಾನ ವೇಷಧಾರಿಗಳ ಮೇಲೆ ಪುಸ್ತಕ ಬರೆಯುತ್ತಿದ್ದಾರೆ. ಮುನ್ನೂರು ಪುಟ ದಾಟಿದೆ, ಅಷ್ಟೂ ಕಂಪ್ಯೂಟರಿನಲ್ಲೇ. ಕ್ಯಾಲಿಫೋರ್ನಿಯಾದಲ್ಲಿರುವ ಮಗ ಮೂರು ವರ್ಷದ ಹಿಂದೆ ತನ್ನ ಮ್ಯಾಕ್ ಮಿನಿಯನ್ನು ಅಪ್ಪನಿಗೆ ಬಿಟ್ಟುಹೋದ. ಆ ಪೆಟ್ಟಿಗೆಯ ಜೊತೆ ಕೀಬೋರ್ಡೂ ಬರುವುದಿಲ್ಲ, ಮೌಸೂ ಬರುವುದಿಲ್ಲ. ಪೇಟೆಯಲ್ಲಿ ಸಿಕ್ಕ ಆರುನೂರು ರೂಪಾಯಿಯ ಕೀಬೋರ್ಡಿನಲ್ಲಿ ಇಲ್ಲಿಯತನಕ ಕೆಲಸ ಸಾಗಿದೆ. ಈಗ ಮಗ ಮತ್ತೆ ಊರಿಗೆ ಬರುವವನಿದ್ದಾನೆ, ಆಪಲ್‌ನ ವೈರ್‌ಲೆಸ್ ಕೀಬೋರ್ಡ್, ಮೌಸ್, ಟ್ರ್ಯಾಕ್‌ಪ್ಯಾಡ್ ಮೂರನ್ನೂ ತರುತ್ತೇನೆ ಎನ್ನುತ್ತಾನಂತೆ.

"ಮೂರಕ್ಕೂ ಸೇರಿ ಮುನ್ನೂರು ಡಾಲರ್ ಆಗ್ತದಂತೆ ಮಾರಾಯ್ರೆ. ನಾನು ಬರೆಯೋದು ಕನ್ನಡ. ಅಷ್ಟು ದುಡ್ಡು ಹಾಕಬೇಕಾ?" ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದೆ.

ಬರೆಯುವುದು ಕನ್ನಡ ಎಂಬುದನ್ನು ಮಾಸ್ತರರು ದುಡ್ಡು ಹಾಕದಿರಲು ಕಾರಣವಾಗಿ ಹೇಳಿದರು. ನನಗೆ ಅದು ದುಡ್ಡು ಹಾಕಲು ಇರುವ ಮೊದಲ ಕಾರಣವಾಗಿ ಕಂಡಿತು.

ನಿಮ್ಮ ಎದುರಿಗಿರುವ ಕೀಬೋರ್ಡನ್ನು ಒಮ್ಮೆ ಸವರಿ ನೋಡಿ. ಎಫ್ ಮತ್ತು ಜೆ ಕೀಲಿಗಳ ಮೇಲೆ ಮಾತ್ರ ಒಂದೊಂದು ಉಬ್ಬುಗೀರು ತಗಲುತ್ತದೆ. ಕಣ್ಣು ಹಾಯಿಸದೆ ತೋರುಬೆರಳು ತನ್ನ ಮನೆ ಸೇರಲಿ ಎಂದು ಇಟ್ಟ ಗುರುತು ಅದು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಅಂದರೆ ನಮ್ಮೆಲ್ಲರ ಕೆ.ಪಿ. ರಾವ್, ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿದಾಗ ಒತ್ತಕ್ಷರ ಕೊಡುವ ಕೆಲಸವನ್ನು ಈ ಎಫ್ ಕೀಲಿಗೆ ವಹಿಸಿದರು. ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೂ ಪತ್ರಿಕಾಲಯಗಳಲ್ಲೂ ನೆಲೆಯೂರಿದ ವಿನ್ಯಾಸ ಅದೇ. ವ್ಯಂಜನ ಒತ್ತಿದರೆ ಅದರೊಳಗೆ ಅಕಾರ ತಾನಾಗಿ ಕೂತಿರುತ್ತದೆ. ಇನ್ನೊಂದು ವ್ಯಂಜನವನ್ನು ಅದರ ಅಡಿಗೆ ತರಬೇಕಾದರೆ ನಡುವೆ ಎಫ್ ಒತ್ತಬೇಕು. ದೀರ್ಘಕ್ಕೂ ಮಹಾಪ್ರಾಣಕ್ಕೂ ಸೊನ್ನೆಗೂ ಶಿಫ್ಟ್ ಬೇಕು.

'ಸ್ವಾತಂತ್ರ್ಯ' ಎಂದು ಬರೆಯುವಾಗ ಬೆರಳು ಮಾಡುವ ಕೆಲಸ ನೋಡಿ. ಎಸ್, ಎಫ್, ವಿ, ಶಿಫ್ಟಿನೊಡನೆ ಎ, ಟಿ, ಶಿಫ್ಟಿನೊಡನೆ ಎಂ, ಮತ್ತೆ ಟಿ, ಎಫ್, ಆರ್, ಎಫ್, ವೈ. ಕಾಗದದ ಮೇಲೆ ಮೂರೇ ಅಕ್ಷರ. ಕೀಲಿಯ ಮೇಲೆ ಹನ್ನೊಂದು ಏಟು, ಜೊತೆಗೆ ಎರಡು ಶಿಫ್ಟ್. ಹನ್ನೊಂದರಲ್ಲಿ ಮೂರು ಎಫ್. ಆ ಮೂರರಲ್ಲಿ ಒಂದು ಸರಿಯಾಗಿ ಬೀಳದಿದ್ದರೂ ಪದ ಒಡೆದುಹೋಗುತ್ತದೆ. ಇಂಗ್ಲಿಷ್ ಬರೆಯುವವನಿಗೆ ಒಂದು ಕೀಲಿ ತಪ್ಪಿದರೆ ಒಂದು ಅಕ್ಷರ ತಪ್ಪೀತು. ನಮಗೆ ಎಫ್ ತಪ್ಪಿದರೆ ಒತ್ತಿನ ಅಕ್ಷರ ಕೆಳಗಿಳಿಯದೆ ಸಾಲಿನಲ್ಲೇ ನಿಂತುಬಿಡುತ್ತದೆ, ಓದುವವನ ಕಣ್ಣು ಎಡವುತ್ತದೆ. ಹೀಗಾಗಿ ಕನ್ನಡ ಬರೆಯುವವರ ಕೀಬೋರ್ಡಿನ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ ಎಫ್ ಕೀಲಿ ಹೇಗೆ ಇಳಿಯುತ್ತದೆ, ಎಡಗಡೆಯ ಶಿಫ್ಟ್ ಕಿರುಬೆರಳಿಗೆ ಎಷ್ಟು ಭಾರವಾಗುತ್ತದೆ ಎಂಬುದು. ತಂತಿ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಅಗ್ಗದ ಕೀಬೋರ್ಡಿನೊಳಗೆ ಕೀಲಿಗಳ ಕೆಳಗೆ ಹಾಸಿರುವುದು ರಬ್ಬರಿನ ಹಾಳೆ. ಒಂದೊಂದು ಕೀಲಿಗೂ ಒಂದೊಂದು ಗುಮ್ಮಟ. ಗುಮ್ಮಟ ಪೂರ್ತಿ ಕುಸಿದು ತಳ ಮುಟ್ಟಿದ ಮೇಲೆಯೇ ಅಕ್ಷರ ಮೂಡುತ್ತದೆ. ಹೊಸದರಲ್ಲಿ ಅಡ್ಡಿಯಿಲ್ಲ. ವರ್ಷ ಕಳೆದಂತೆ ಹೆಚ್ಚು ಏಟು ತಿಂದ ಗುಮ್ಮಟಗಳು ಮಾತ್ರ ಸೊರಗುತ್ತವೆ. ಎಫ್ ಒಂದು ತರಹ, ಪಕ್ಕದ ಜಿ ಇನ್ನೊಂದು ತರಹ ಆಗಿಬಿಡುತ್ತದೆ. ಬೆರಳಿಗೆ ಕೀಲಿಯ ಮೇಲಿನ ನಂಬಿಕೆ ಹೋದಾಗ ಅದು ಗುದ್ದಲು ಶುರುಮಾಡುತ್ತದೆ. ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ನೋವು ಕೂರುವುದು ಆ ಗುದ್ದಿನಿಂದ.

ಆಪಲ್‌ನ ಮ್ಯಾಜಿಕ್ ಕೀಬೋರ್ಡ್, ಲಾಜಿಟೆಕ್‌ನ ಎಂಎಕ್ಸ್ ಕೀಸ್ ಈ ಜಾತಿಯವುಗಳಲ್ಲಿ ಪ್ರತಿ ಕೀಲಿಯ ಕೆಳಗೆ ಕತ್ತರಿಯಂತೆ ಹೆಣೆದ ಎರಡು ಪ್ಲಾಸ್ಟಿಕ್ ತುಂಡುಗಳಿವೆ. ಕೀಲಿಯ ಮೂಲೆಯನ್ನು ಒತ್ತಿದರೂ ಅದು ವಾಲದೆ ಸಮನಾಗಿ ಇಳಿಯುವುದು ಇವುಗಳಿಂದ. ಇಳಿಯುವುದೂ ಸ್ವಲ್ಪವೇ, ಮ್ಯಾಜಿಕ್ ಕೀಬೋರ್ಡಿನಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಬೆರಳನ್ನು ಹೆಚ್ಚು ಎತ್ತದೆ, ಸವರಿದಂತೆ ಬರೆಯುವವರಿಗೆ ಇದು ಹಿತ. ಎಂಎಕ್ಸ್ ಕೀಸ್‌ನ ಪ್ರತಿ ಕೀಲಿಯ ನಡುಭಾಗದಲ್ಲಿ ಬೆರಳ ತುದಿ ಕೂರುವಷ್ಟು ತಗ್ಗು ಮಾಡಿದ್ದಾರೆ. ನನ್ನ ಬೆರಳಿಗೆ ಅದು ಮ್ಯಾಜಿಕ್‌ಗಿಂತ ಒಂದು ಕೈ ಮೇಲು.

ಮೆಕ್ಯಾನಿಕಲ್ ಕೀಬೋರ್ಡುಗಳ ದಾರಿಯೇ ಬೇರೆ. ಪ್ರತಿ ಕೀಲಿಗೂ ಅದರದೇ ಸ್ಪ್ರಿಂಗು, ಅದರದೇ ಸ್ವಿಚ್ಚು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ರೂಪಿಸಿದ ಎಂಎಕ್ಸ್ ಸ್ವಿಚ್ಚಿನಲ್ಲಿ ಕೀಲಿಯ ಪೂರ್ತಿ ಇಳಿತ 4 ಮಿಲಿಮೀಟರ್. ಅರ್ಧ ದಾರಿಯಲ್ಲೇ ಅಕ್ಷರ ದಾಖಲಾಗುತ್ತದೆ, ತಳ ಮುಟ್ಟಬೇಕಿಲ್ಲ. ಟೈಪಿಂಗ್ ಶಾಲೆಯ ರೆಮಿಂಗ್ಟನ್ ಯಂತ್ರದ ಮೇಲೆ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ ಬೆರಳುಗಳಿಗೆ ಈ ಆಳವೇ ಮನೆಯಂತೆ ಅನ್ನಿಸುತ್ತದೆ. ನಮ್ಮ ದೇಶದಲ್ಲಿ ಈ ಸುಖವನ್ನು ಸಾಮಾನ್ಯರ ಕೈಗೆ ಮುಟ್ಟಿಸಿದ್ದು ಟಿವಿಎಸ್ ಗೋಲ್ಡ್. ಬ್ಯಾಂಕಿನ ಕೌಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಟಕಟಕ ಸದ್ದು ಮಾಡುತ್ತಿದ್ದ ಆ ದಪ್ಪ ಕೀಬೋರ್ಡನ್ನು ನೀವು ನೋಡಿಯೇ ಇರುತ್ತೀರಿ. ಅದರೊಳಗಿದ್ದದ್ದು ಚೆರ್ರಿಯ ನೀಲಿ ಸ್ವಿಚ್ಚು. ತಂತಿ ಇತ್ತು, ಅಂದ ಇರಲಿಲ್ಲ. ನಮ್ಮ ಎಷ್ಟೋ ಪುಸ್ತಕಗಳ ಅಕ್ಷರಗಳು ಅಂಥ ಕೀಲಿಗಳ ಕೆಳಗಿನಿಂದಲೇ ಮೂಡಿ ಬಂದಿವೆ.

ಬೆಲೆ ಹೆಚ್ಚಾದ ಮಾತ್ರಕ್ಕೆ ಬಾಳಿಕೆ ಬರುತ್ತದೆ ಎಂದು ಮಾತ್ರ ನಂಬಬೇಡಿ. ಆಪಲ್ ತನ್ನ ಲ್ಯಾಪ್‌ಟಾಪುಗಳಿಗೆ 2015ರಲ್ಲಿ 'ಬಟರ್‌ಫ್ಲೈ' ಎಂಬ ತೆಳು ಕೀಲಿಗಳನ್ನು ತಂದಿತು. ಸಣ್ಣ ಧೂಳಿನ ಕಣ ಸಿಕ್ಕಿಕೊಂಡರೂ ಕೀಲಿ ಕಚ್ಚಿಕೊಳ್ಳುತ್ತಿತ್ತು, ಇಲ್ಲವೇ ಒಂದೇ ಅಕ್ಷರ ಎರಡು ಸಲ ಬೀಳುತ್ತಿತ್ತು. 2018ರಲ್ಲಿ ಉಚಿತ ರಿಪೇರಿ ಘೋಷಿಸಬೇಕಾಯಿತು, 2019ರಲ್ಲಿ ಕಂಪನಿ ಕತ್ತರಿ ವಿನ್ಯಾಸಕ್ಕೇ ಹಿಂತಿರುಗಿತು. ಅಡಿಕೆ ಸುಲಿಯುವ ಅಂಗಳದ ಪಕ್ಕದ ಕೋಣೆಯಲ್ಲಿ ಕೂತು ಬರೆಯುವವರು ಈ ಕತೆಯನ್ನು ನೆನಪಿನಲ್ಲಿಡಬೇಕು.

ಮಾಸ್ತರರ ಮಗ ಹೇಳುವ ಮುನ್ನೂರು ಡಾಲರಿನ ಲೆಕ್ಕಕ್ಕೆ ಬರುತ್ತೇನೆ. 2015ರ ಅಕ್ಟೋಬರಿನಲ್ಲಿ ಆಪಲ್ ಈ ಮೂರನ್ನೂ ಹೊಸದಾಗಿಸಿ ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟಿತು. ಕೀಬೋರ್ಡಿಗೆ 99 ಡಾಲರ್, ಮೌಸಿಗೆ 79, ಟ್ರ್ಯಾಕ್‌ಪ್ಯಾಡಿಗೆ 129. ಅದಕ್ಕೂ ಮುಂಚೆ ಮೂರಕ್ಕೂ ತಲಾ 69 ಇತ್ತು. ಹಳೆಯವು ಬಿಡಿ ಸೆಲ್ಲುಗಳಲ್ಲಿ ನಡೆಯುತ್ತಿದ್ದವು. ಹೊಸವುಗಳ ಒಳಗೆ ಚಾರ್ಜ್ ಮಾಡುವ ಬ್ಯಾಟರಿಯನ್ನು ಸೇರಿಸಿ ಮುಚ್ಚಲಾಗಿದೆ. 2024ರಲ್ಲಿ ಚಾರ್ಜಿಂಗ್ ತೂತು ಯುಎಸ್‌ಬಿ-ಸಿ ಆಯಿತು, ಅಷ್ಟೇ.

ಒಂದು ಸಲ ಚಾರ್ಜ್ ಮಾಡಿದರೆ ತಿಂಗಳು ನಡೆಯುತ್ತದೆ, ಅನುಕೂಲವೇ. ಆದರೆ ಲಿಥಿಯಂ ಬ್ಯಾಟರಿ ಬಳಸಲಿ ಬಿಡಲಿ ಮುಪ್ಪಾಗುತ್ತದೆ. ಕೀಬೋರ್ಡಿನಲ್ಲಿ ಬ್ಯಾಟರಿ ಸತ್ತರೂ ತಂತಿ ಚುಚ್ಚಿಕೊಂಡು ಬರೆಯುತ್ತಾ ಹೋಗಬಹುದು. ಮೌಸಿನಲ್ಲಿ ಆ ದಾರಿ ಇಲ್ಲ. ಅದರ ಚಾರ್ಜಿಂಗ್ ತೂತನ್ನು ಹೊಟ್ಟೆಯ ಕಡೆ ಇಟ್ಟಿದ್ದಾರೆ. ತಂತಿ ಚುಚ್ಚಬೇಕಾದರೆ ಮೌಸನ್ನು ಮಗುಚಬೇಕು, ಮಗುಚಿದ ಮೌಸನ್ನು ಓಡಿಸಲಾಗದು. ಎರಡು ನಿಮಿಷ ಚಾರ್ಜಿಗೆ ಒಂಬತ್ತು ಗಂಟೆ ಕೆಲಸ ಮಾಡುತ್ತದೆ ಎಂದು ಕಂಪನಿ ಸಮಾಧಾನ ಹೇಳಿತು. ನನ್ನ ಆಕ್ಷೇಪ ಆ ಎರಡು ನಿಮಿಷದ್ದಲ್ಲ. ಐದಾರು ವರ್ಷದ ಮೇಲೆ ಬ್ಯಾಟರಿ ಸೋತರೆ ಉಳಿದೆಲ್ಲ ಅಂಗ ಸರಿಯಿದ್ದೂ ಆ ಮೌಸ್ ಪ್ರಯೋಜನಕ್ಕೆ ಬಾರದು. ಒಂದು ಉಪಕರಣಕ್ಕೆ ಹಾಗೆ ಆಯುಸ್ಸು ಗೊತ್ತುಮಾಡಿ ಇಡುವುದನ್ನು ನಾನು ಒಪ್ಪಲಾರೆ.

ಮೌಸಿನ ಮಟ್ಟಿಗೆ ನಾನು ಮೊದಲಿನಿಂದಲೂ ಮಿತವ್ಯಯಿ. ಕೆಲವು ವರ್ಷದ ಹಿಂದೆ ದುಬಾರಿ ಮೌಸೊಂದನ್ನು ಕೊಂಡಿದ್ದೆ, ಯಾರದ್ದೆಂದು ಹೇಳುವುದು ಬೇಡ. ವಾರಂಟಿ ಮುಗಿದು ಎರಡು ತಿಂಗಳಿಗೆ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಗತೊಡಗಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯಲ್ಲಿ ರಿಪೇರಿಯವನೊಬ್ಬ ಅದನ್ನು ಬಿಚ್ಚಿ, ಒಳಗಿದ್ದ ಹೆಸರುಕಾಳಿಗಿಂತ ತುಸು ದೊಡ್ಡ ಸ್ವಿಚ್ಚನ್ನು ತೋರಿಸಿದ. ಅದರೊಳಗೆ ಒಂದು ತೆಳು ತಾಮ್ರದ ಪಟ್ಟಿ, ಬಳಸಿ ಬಳಸಿ ಬಿಗಿ ಕಳೆದುಕೊಂಡಿತ್ತು. "ಸಾರ್, ಐನೂರರ ಮೌಸಲ್ಲೂ ಇದೇ ತರದ್ದು, ಐದು ಸಾವಿರದ್ರಲ್ಲೂ ಇದೇ ತರದ್ದು" ಎಂದ. ಬೆಸುಗೆ ಹಾಕಿ ಬೇರೆ ಸ್ವಿಚ್ಚು ಕೂರಿಸಿಕೊಟ್ಟ, ನೂರೈವತ್ತು ತೆಗೆದುಕೊಂಡ. ಆ ಮೌಸ್ ಈಗಲೂ ನಡೆಯುತ್ತಿದೆ.

ದಿನವಿಡೀ ಉದ್ದುದ್ದ ಕಡತ ಓಡಿಸುವವರಿಗೆ, ಲೆಕ್ಕಪತ್ರದವರಿಗೆ, ಚಿತ್ರ ತಿದ್ದುವವರಿಗೆ ಲಾಜಿಟೆಕ್‌ನ ಎಂಎಕ್ಸ್ ಮಾಸ್ಟರ್ ತರಹದ್ದು ಬೇಕಾಗಬಹುದು. ಅದರ ಚಕ್ರವನ್ನು ವಿದ್ಯುತ್ಕಾಂತ ಹಿಡಿದಿಡುತ್ತದೆ. ಜೋರಾಗಿ ತಿರುಗಿಸಿದರೆ ಹಿಡಿತ ಬಿಟ್ಟು ಬುಗುರಿಯಂತೆ ಸುತ್ತಿ, ಸೆಕೆಂಡಿಗೆ ಸಾವಿರ ಸಾಲು ದಾಟಿಸುತ್ತದೆ. ಬರೆಯುವವರಿಗೆ ಅಷ್ಟು ಓಟ ಬೇಕಿಲ್ಲ.

ಟ್ರ್ಯಾಕ್‌ಪ್ಯಾಡಿನ ಮಾತು ಬಂದರೆ ನನ್ನ ಮಿತವ್ಯಯ ಸಡಿಲವಾಗುತ್ತದೆ. 2015ರ ನಂತರದ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡಿನ ಮೇಲೆ ಬೆರಳಿಟ್ಟು ಒತ್ತಿ. ಕಟ್ ಎಂದು ಒಳಗಿಳಿದ ಅನುಭವ ಆಗುತ್ತದೆ. ಈಗ ಸ್ವಿಚ್ ಆಫ್ ಮಾಡಿ ಮತ್ತೆ ಒತ್ತಿ. ಕಲ್ಲಿನ ಹಾಗೆ ನಿಂತಿರುತ್ತದೆ. ಅಸಲಿಗೆ ಅದು ಇಳಿಯುವುದೇ ಇಲ್ಲ! ಗಾಜಿನ ನಾಲ್ಕು ಮೂಲೆಗಳ ಕೆಳಗಿರುವ ಸಂವೇದಕಗಳು ಬೆರಳಿನ ಭಾರವನ್ನು ಅಳೆಯುತ್ತವೆ. ಭಾರ ಸಾಕಷ್ಟಾದ ಕ್ಷಣದಲ್ಲಿ ಒಳಗಿನ ವಿದ್ಯುತ್ಕಾಂತ ಫಲಕವನ್ನು ಕೂದಲೆಳೆಯಷ್ಟು ಅಡ್ಡಡ್ಡ ಅಲುಗಿಸುತ್ತದೆ. ಅಡ್ಡ ಅಲುಗಿದ್ದನ್ನು ಬೆರಳಿನ ಚರ್ಮ ಕೆಳಗಿಳಿಯಿತೆಂದು ತಿಳಿಯುತ್ತದೆ. ಹಳೆಯದರಲ್ಲಿ ಒಂದು ಅಂಚಿಗೆ ಕೀಲು ಇರುತ್ತಿದ್ದುದರಿಂದ ಕೀಲಿನ ಹತ್ತಿರ ಒತ್ತುವುದು ಕಷ್ಟ, ದೂರದಲ್ಲಿ ಸುಲಭ. ಇದರಲ್ಲಿ 16 ಸೆಂಟಿಮೀಟರ್ ಅಗಲದ ಇಡೀ ಗಾಜು ಎಲ್ಲಿ ಮುಟ್ಟಿದರೂ ಒಂದೇ ಸಮ. ಪುಟ ಜರುಗಿಸುವುದು, ಹಿಗ್ಗಿಸುವುದು, ಹಳೆಯ ಫೋಟೊದ ಅಡಿಬರಹವನ್ನು ದೊಡ್ಡದು ಮಾಡಿ ಓದುವುದು, ಎಲ್ಲ ಬೆರಳ ತುದಿಯಲ್ಲೇ ಆಗುತ್ತದೆ, ತೋಳು ಎತ್ತಬೇಕಿಲ್ಲ. ಭುಜ ನೋವಿರುವವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಇದರ ಕುಶಲತೆಯೆಲ್ಲ ಮ್ಯಾಕ್‌ಗಾಗಿ ಹೆಣೆದದ್ದು, ವಿಂಡೋಸ್ ಬಳಸುವವರು ಈ ದುಡ್ಡನ್ನು ಉಳಿಸಿಕೊಳ್ಳಲಿ.

ತಂತಿ ಇಲ್ಲದಿರುವುದಕ್ಕೇ ಎಷ್ಟು ಕೊಡಬೇಕು? ಅಲುಗಾಡದ ಮೇಜಿನ ಮೇಲೆ ಅಲುಗಾಡದ ಕಂಪ್ಯೂಟರ್ ಇದ್ದರೆ ನಾನು ಒಂದು ಪೈಸೆಯನ್ನೂ ಕೊಡಲಾರೆ. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುವವರು, ಒಂದೇ ಕೀಬೋರ್ಡನ್ನು ಟ್ಯಾಬಿಗೂ ಕಂಪ್ಯೂಟರಿಗೂ ಜೋಡಿಸುವವರು ಕೊಡಲಿ. ಆದರೆ ವೈರ್‌ಲೆಸ್ಸೇ ಬೇಕೆಂದರೆ ತೀರಾ ಅಗ್ಗದ್ದಕ್ಕೆ ಹೋಗಬೇಡಿ. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ಎಂಟು ತಯಾರಕರ ಅಗ್ಗದ ಕೀಬೋರ್ಡುಗಳನ್ನು ಪರೀಕ್ಷಿಸಿ ತೋರಿಸಿದ ಸಂಗತಿ ಭಯ ಹುಟ್ಟಿಸುವಂಥದ್ದು. ಅವು ಒತ್ತಿದ ಪ್ರತಿ ಅಕ್ಷರವನ್ನೂ ಗೂಢಲಿಪಿಯ ಹೊದಿಕೆಯಿಲ್ಲದೆ ಗಾಳಿಗೆ ಬಿಡುತ್ತಿದ್ದವು. ಇನ್ನೂರೈವತ್ತು ಅಡಿ ದೂರದಲ್ಲಿ ಕೂತವನು ಬ್ಯಾಂಕಿನ ಪಾಸ್‌ವರ್ಡನ್ನು ಹಾಗೆಯೇ ಓದಬಹುದಿತ್ತು. ಬ್ಲೂಟೂತ್ ಕೀಬೋರ್ಡುಗಳಿಗೆ ಆ ದೋಷ ತಟ್ಟಿರಲಿಲ್ಲ. ಇನ್ನೊಂದು ಸಂಗತಿ ಅನೇಕರಿಗೆ ಉಪಯೋಗಕ್ಕೆ ಬಂದೀತು. ಪುಟ್ಟ ರಿಸೀವರ್ ಚುಚ್ಚುವ ಮೌಸ್ ತಡೆತಡೆದು ಓಡುತ್ತಿದ್ದರೆ ಪಕ್ಕದ ತೂತಿನಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದೆಯೇ ನೋಡಿ. ಅದರ ಸದ್ದು ರಿಸೀವರ್ ಆಲಿಸುವ 2.4 ಗಿಗಾಹರ್ಟ್ಸ್ ಅಲೆಯಲ್ಲೇ ಬೀಳುತ್ತದೆ. ರಿಸೀವರನ್ನು ಒಂದಡಿ ಎಕ್ಸ್‌ಟೆನ್ಷನ್ ತಂತಿಗೆ ಚುಚ್ಚಿ ದೂರ ಇಟ್ಟರೆ ಸರಿಹೋಗುತ್ತದೆ.

ಭಾನುವಾರ ಮಾಸ್ತರರಿಗೆ ಫೋನ್ ಮಾಡಿದೆ. ಮೌಸ್ ಬೇಡ ಎಂದಾಗ ಅವರಿಗೂ ಸಮಾಧಾನವಾಯಿತು, ಈಗಿರುವುದೇ ಚೆನ್ನಾಗಿದೆಯಂತೆ. ಟ್ರ್ಯಾಕ್‌ಪ್ಯಾಡಿನ ಬಗ್ಗೆ ಬಲಭುಜ ಹೇಗಿದೆ ಎಂದು ಕೇಳಿದೆ. "ತೋಟದ ಕೆಲಸ ಮಾಡ್ತೇನಲ್ಲ, ಭುಜಕ್ಕೇನೂ ಆಗ್ಲಿಲ್ಲ" ಎಂದರು. ಹಾಗಾದರೆ ಅದೂ ಬೇಡ. ಕೀಬೋರ್ಡಿನ ವಿಷಯಕ್ಕೆ ಬಂದಾಗ, ಈಗಿನದರಲ್ಲಿ ಎಫ್ ಕೀಲಿಯ ಮೇಲೆ ಬೆರಳಾಡಿಸಿ ನೋಡಿ, ಗೀರು ತಗಲುತ್ತದೆಯೇ ಎಂದು ಕೇಳಿದೆ. ಫೋನ್ ಕೆಳಗಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಬಂದರು.

"ಗೀರೂ ಇಲ್ಲ, ಅಕ್ಷರವೂ ಇಲ್ಲ. ಒತ್ತಿದ್ರೆ ಒಂದು ಬದಿಗೆ ವಾಲ್ತದೆ."

ಮಗನಿಗೆ ಇವತ್ತೇ ಹೇಳಿ ಎಂದೆ.